ಬೆಂಕಿ ಇಟ್ಟವನು ಗಂಡ, ಕ್ಲೇಮ್ ಹೋಗಿದ್ದು ಹೆಂಡತಿಯದು

ಗಂಡನಿಂದ ಹೊಡೆತ ತಿಂದ ಹೆಂಗಸರಿಗೆ ಅಮೆರಿಕದ ವಿಮಾ ಕಂಪನಿಗಳು ಮೊದಲೆಲ್ಲ ಪಾಲಿಸಿ ಕೊಡಲು ಹಿಂಜರಿಯುತ್ತಿದ್ದವು, ಒಬಾಮಾ ಕಾಲದ ಕಾನೂನು ಅದನ್ನು ನಿಲ್ಲಿಸಿತು ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ನಿಜ. ಆದರೆ 2010ರ ಆ ಕಾನೂನು ಆರೋಗ್ಯ ವಿಮೆಗೆ ಮಾತ್ರ. ಜೀವ ವಿಮೆ, ಮನೆ ವಿಮೆಗೆ ಆಯಾ ರಾಜ್ಯದ ಕಾನೂನೇ ಗತಿ.

ಮನೆ ವಿಮೆಯ ಕಥೆ ನೋಡಿ. ಪಾಲಿಸಿ ಇಬ್ಬರ ಹೆಸರಲ್ಲಿರುತ್ತದೆ. ಹೆಂಡತಿ ಬಿಟ್ಟು ಹೋದಳು ಅಂತ ಗಂಡ ಸಿಟ್ಟಿನಲ್ಲಿ ಮನೆಗೆ ಬೆಂಕಿ ಇಡುತ್ತಾನೆ. ಪಾಲಿಸಿದಾರರೇ ಬೇಕಂತ ಮಾಡಿದ ನಷ್ಟ, ದುಡ್ಡಿಲ್ಲ ಅನ್ನುತ್ತದೆ ಕಂಪನಿ. ಏನೂ ಮಾಡದವಳಿಗೂ ಅದೇ ಉತ್ತರ! ಹಲವು ರಾಜ್ಯಗಳು ಈಗ ತಪ್ಪು ಮಾಡದವರ ಪಾಲನ್ನು ಕೊಡಲೇಬೇಕು ಅಂತ ನಿಯಮ ಮಾಡಿವೆ. ಆ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಇನ್ನೊಂದು ಮಾತು, ಅಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ. ಎಚ್-4 ವೀಸಾದಲ್ಲಿ (ಅಲ್ಲಿ ಕೆಲಸಕ್ಕೆ ಹೋದವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ) ಹೋದವರಲ್ಲಿ ಎಷ್ಟೋ ಜನರ ವಿಮೆ ಗಂಡನ ಕೆಲಸದ ಜೊತೆ ತಳುಕು ಹಾಕಿಕೊಂಡಿರುತ್ತದೆ. ಮನೆ ಬಿಟ್ಟರೆ ಆಸ್ಪತ್ರೆ ಖರ್ಚಿಗೆ ಏನು ಮಾಡಲಿ ಅಂತ ಸುಮ್ನೆ ಸಹಿಸಿಕೊಳ್ಳುವವರೂ ಇರುತ್ತಾರೆ, ಅಲ್ವಾ? ಗಂಡನಿಂದ ಹಿಂಸೆ ಅನುಭವಿಸುತ್ತಿರುವವರು ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ (ಜನ ನೇರವಾಗಿ ಆರೋಗ್ಯ ವಿಮೆ ಕೊಳ್ಳುವ ‘ಮಾರ್ಕೆಟ್‌ಪ್ಲೇಸ್’) ಬೇರೆಯಾಗಿ ಪಾಲಿಸಿ ತೆಗೆದುಕೊಳ್ಳಬಹುದು. ಅದಕ್ಕೆ ವಿಶೇಷ ಅವಧಿ ಇದೆ, ವರ್ಷಕ್ಕೊಮ್ಮೆ ಬರುವ ನೋಂದಣಿಗೆ ಕಾಯಬೇಕಿಲ್ಲ. ಡಿವೋರ್ಸ್ ಆಗಿರಲೇಬೇಕು ಅಂತಲೂ ಇಲ್ಲ. ಮದುವೆಯಾಗಿದ್ದರೂ ಅರ್ಜಿಯಲ್ಲಿ ಅವಿವಾಹಿತೆ ಅಂತ ಗುರುತು ಹಾಕಲು ಇವರಿಗೆ ಅವಕಾಶ ಉಂಟು. ಹಾಗೆ ಹಾಕಿದರೆ ಸುಳ್ಳು ಹೇಳಿದಿರಿ ಅಂತ ದಂಡ ಬೀಳುವುದಿಲ್ಲ, ಹೆದರಬೇಡಿ.