ಹಳೇ ಫೈಲ್ ಬೇಡ ಅಂದ್ರೆ ಹೇಗೆ ಡಾಕ್ಟ್ರೇ?

ಡೊಂಬಿವಿಲಿಯ ನಮ್ಮ ಅತ್ತಿಗೆಗೆ ಥೈರಾಯ್ಡ್ ಮಾತ್ರೆ ಮೊದಲಿಂದ್ಲೂ ಉಂಟು, ಆಮೇಲೆ ಕಣ್ಣು ಬಾಯಿ ಒಣಗೋ ಶೋಗ್ರೆನ್ ಸೇರ್ಕೊಂಡ್ತು, ಮೊನ್ನೆ ಮೊನ್ನೆ ಒಂದು ಕಣ್ಣು ಮಂಜಾಗಿ ಕಾಲು ಜೋಮು ಹಿಡೀತು ಅಂತ ನರದ ಡಾಕ್ಟ್ರ ಹತ್ರ ಹೋದ್ರೆ ಹಳೇ ಫೈಲ್ ಬಿಚ್ಚೋಕೇ ಬಿಡ್ಲಿಲ್ವಂತೆ, "ಅದೆಲ್ಲ ಬೇಡ, ಎಂಆರ್‌ಐ ತೋರ್ಸಿ", ನೋಡಿ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು-ಬೆನ್ನುಹುರಿಯ ನರದ ಹೊದಿಕೆ ಹಾಳಾಗೋ ಕಾಯಿಲೆ) ಇರ್ಬೇಕು ಅಂದ್ರು. ಆ "ಅದೆಲ್ಲ ಬೇಡ" ಉಂಟಲ್ಲ, ನನ್ನ ತಕರಾರು ಅದರ ಮೇಲೇ.

ಆಮೇಲೆ ಪರೇಲ್‌ನಲ್ಲಿ ಇನ್ನೊಬ್ರು ಡಾಕ್ಟ್ರು ಒಂದೊಂದೇ ಪುಟ ತಿರುವಿ, ಶೋಗ್ರೆನ್ ಅಂತ ಇದ್ದಲ್ಲಿ ಪೆನ್ನಲ್ಲಿ ಸುತ್ತು ಹಾಕಿ, "ಮೊದ್ಲು ಯಾವಾಗಾದ್ರೂ ನಿಲ್ಲದೇ ಬಿಕ್ಕಳಿಕೆ, ವಾಂತಿ ಬಂದಿತ್ತಾ?" ಅಂತ ಕೇಳಿದ್ರು. ಬಂದಿತ್ತು! ನಾವೆಲ್ಲ ಗ್ಯಾಸು ಅಂತ ಜೀರಿಗೆ ಕಷಾಯ ಕುಡಿಸಿದ್ದು. ಅಕ್ವಾಪೋರಿನ್-4 ಆಂಟಿಬಾಡಿ ಅನ್ನೋ ರಕ್ತದ ಟೆಸ್ಟ್ ಬರೆದ್ರು, ಪಾಸಿಟಿವ್. ಅಂದ್ರೆ ಎಂಎಸ್ ಅಲ್ಲ, ಎನ್‌ಎಂಓ (ನ್ಯೂರೋಮಯಲೈಟಿಸ್ ಆಪ್ಟಿಕಾ), ಎಂಎಸ್ ಥರವೇ ಕಾಣೋ ಬೇರೆ ಕಾಯಿಲೆ. ಈ ಎರಡು ಕಾಯಿಲೆಗಳೂ ಕಣ್ಣಿನ ನರ, ಬೆನ್ನುಹುರಿಗೆ ಬೀಳ್ತವೆ, 2004ರಲ್ಲಿ ಮೇಯೊ ಕ್ಲಿನಿಕ್‌ನವರು ಈ ಆಂಟಿಬಾಡಿ ಹಿಡಿಯೋವರೆಗೆ ಬೇರೆ ಮಾಡೋದೇ ಕಷ್ಟ ಇತ್ತು. ಆದ್ರೆ ಶೋಗ್ರೆನ್, ಲೂಪಸ್, ಮಯಸ್ತೇನಿಯಾ ಇಂಥ ಇಮ್ಯೂನ್ ಕಾಯಿಲೆಗಳು (ದೇಹದ ರಕ್ಷಣಾಪಡೆಯೇ ದೇಹದ ಮೇಲೆ ತಿರುಗಿ ಬೀಳೋವು) ಜೊತೆಗಿದ್ರೆ ಮೊದ್ಲು ಎನ್‌ಎಂಓ ಮೇಲೇ ಡೌಟ್ ಬರ್ಬೇಕು. ಎಂಎಸ್‌ಗೆ ಕೊಡೋ ಇಂಟರ್‌ಫೆರಾನ್ ಬೀಟಾ ಎನ್‌ಎಂಓ ಇದ್ದವರಿಗೆ ಕೊಟ್ರೆ ಕಾಯಿಲೆ ಇನ್ನೂ ಜೋರಾಗ್ಬಹುದು, ಹಾಗಾಗಿ ಇದು ಬರೀ ಹೆಸರಿನ ಜಗಳ ಅಲ್ಲ ಮಾರಾಯ್ರೆ.

ಉಲ್ಟಾ ಕೂಡ ಉಂಟು. ಸಂಧಿವಾತಕ್ಕೆ ಕೊಡೋ, ಟಿಎನ್‌ಎಫ್ ಅನ್ನೋ ಉರಿಯೂತದ ಪ್ರೋಟೀನ್ ತಡೆಯೋ ಇಂಜೆಕ್ಷನ್ ಎಂಎಸ್ ಇದ್ದವರಿಗೆ ಆಗಿಬರೋದಿಲ್ಲ, ಕೆಲವರಲ್ಲಿ ನರದ ಹೊದಿಕೆ ಹಾಳಾಗೋದು ಅದರಿಂದ್ಲೇ ಶುರುವಾಗ್ತದೆ. ಎಂಎಸ್ ರಿಸ್ಕ್ ಹೆಚ್ಚಿಸೋ ಜೀನ್‌ಗಳಲ್ಲಿ ಟಿಎನ್‌ಎಫ್‌ಆರ್‌ಎಸ್‌ಎಫ್1ಎ ಅಂತ ಒಂದುಂಟು, ಅದರ ಒಂದು ರೂಪ ಮಾಡೋದೂ ಹೆಚ್ಚುಕಮ್ಮಿ ಆ ಇಂಜೆಕ್ಷನ್ ಮಾಡೋ ಕೆಲಸವನ್ನೇ! ಪಿಟಿಪಿಎನ್22 ಜೀನ್‌ನ ಒಂದು ರೂಪ ಸಂಧಿವಾತ, ಟೈಪ್ 1 ಡಯಾಬಿಟಿಸ್, ಥೈರಾಯ್ಡ್‌ನ ಗ್ರೇವ್ಸ್ ಕಾಯಿಲೆ ಎಲ್ಲದರಲ್ಲೂ ಕಾಣಿಸ್ಕೊಳ್ತದೆ, ಎಂಎಸ್‌ನಲ್ಲಿ ಮಾತ್ರ ಇಲ್ಲ. ಎಂಎಸ್‌ಗೆ ದೊಡ್ಡ ನಂಟು 6ನೇ ಕ್ರೋಮೋಸೋಮ್‌ನ ಇಮ್ಯೂನ್ ಕೆಲಸ ನೋಡ್ಕೊಳ್ಳೋ ಎಚ್‌ಎಲ್‌ಎ ಜೀನ್‌ಗಳದ್ದು. ಅಂದ್ರೆ ಇಮ್ಯೂನ್ ಕಾಯಿಲೆ ಅಂತ ಎಲ್ಲಾನೂ ಒಂದೇ ಮೂಟೆಗೆ ತುಂಬೋಕಾಗಲ್ಲ, ಯಾವುದು ಯಾವುದರ ಜೊತೆ ಬಂತು ಅನ್ನೋದೇ ಸುಳಿವು.

ಈಗ ನೆಂಟರದ್ದು ಹೊಸ ರಾಗ, ಜೀನ್ ಅಂದ್ರಲ್ಲ, ಮಗಳಿಗೂ ಒಂದು ಎಂಆರ್‌ಐ ಮಾಡಿಸಿ ಅಂತ. ಒಂದೇ ಥರದ ಅವಳಿಗಳಲ್ಲಿ ಒಬ್ಬರಿಗೆ ಎಂಎಸ್ ಇದ್ರೂ ಇನ್ನೊಬ್ಬರಿಗೆ ಬರೋದು ಸುಮಾರು ನಾಲ್ಕರಲ್ಲಿ ಒಂದು ಕಡೆ ಅಷ್ಟೇ, ಎನ್‌ಎಂಓ ಅಂತೂ ಮನೆಯೊಳಗೆ ಇಬ್ಬರಿಗೆ ಬರೋದೇ ಅಪರೂಪ. ಹುಡುಗಿಗೆ ಒಂದು ಲಕ್ಷಣವೂ ಇಲ್ಲ, ಹನ್ನೆರಡನೇ ಕ್ಲಾಸ್ ಪರೀಕ್ಷೆ ಉಂಟು, ಓದ್ಲಿಕ್ಕೆ ಬಿಡಿ ಅವಳನ್ನ.