ತೌಡು ಕುಟ್ಟುವವರ ಕಾಲ

ಪ್ರಯೋಜನವಿಲ್ಲದ ಕೆಲಸ ಮಾಡುವವನನ್ನು ಕಂಡರೆ 'ಕೂತು ತೌಡು ಕುಟ್ತಿದ್ದಾನೆ' ಅನ್ನುತ್ತೇವೆ. ಓದಲಾಗದ ಬರಹ ಕಂಡರೆ 'ಬರೀ ಬೂಸಾ' ಅಂತ ಮಡಚಿಡುತ್ತೇವೆ. ನಮ್ಮ ಭಾಷೆಯಲ್ಲಿ ತೌಡಿಗೂ ಬೂಸಾಗೂ ಇರುವ ಮರ್ಯಾದೆ ಇಷ್ಟೇ. ಹೀಗಿರುವಾಗ ಮೊನ್ನೆ ಒಂದು ಡಬ್ಬದ ಮೇಲೆ 'ಪ್ರಕೃತಿಯ ಆರೋಗ್ಯ ಭಂಡಾರ' ಅಂತ ಚಿನ್ನದ ಬಣ್ಣದ ಅಕ್ಷರ ಕಂಡು ಬೆರಗಾದೆ. ಹಿಂದೆ ತಿರುಗಿಸಿ ಸಣ್ಣಕ್ಷರ ಓದಿದೆ. ಒಳಗಿದ್ದದ್ದು ಬೂಸಾ. ಪಕ್ಕದಲ್ಲೇ ಬಿಳಿ ಹಿಟ್ಟಿನ ಪೊಟ್ಟಣ ಕೂತಿತ್ತು. ಅಣ್ಣ ತಮ್ಮ ಇಬ್ಬರೂ ಒಂದೇ ಕಾಳಿನ ಮಕ್ಕಳು. ಪಾಲಾದ ಮೇಲೆ ಬೇರೆ ಬೇರೆ ಬೆಲೆಗೆ ಮಾರಾಟಕ್ಕೆ ನಿಂತಿದ್ದಾರೆ.

ಪಾಲಿನ ಲೆಕ್ಕ ಸರಳ. 100 ಗ್ರಾಂ ಗೋಧಿಯಲ್ಲಿ ಸುಮಾರು 83 ಗ್ರಾಂ ಒಳಗಿನ ಬಿಳಿ ಪಿಷ್ಟದ ಭಾಗ, 14.5 ಗ್ರಾಂ ಹೊರಗಿನ ಸಿಪ್ಪೆ, 2.5 ಗ್ರಾಂ ಮೊಳಕೆಯ ಭಾಗ. ನಾರಿನಂಶ, ಬಿ ಗುಂಪಿನ ವಿಟಮಿನ್, ಫೀನಾಲಿಕ್ ಆಮ್ಲ ಅಂತ ಡಬ್ಬಗಳು ಕೂಗಿ ಹೇಳುವುದರಲ್ಲಿ ಬಹುಪಾಲು ಇರುವುದು ಕೊನೆಯ 17 ಗ್ರಾಂನಲ್ಲಿ. ಅಷ್ಟನ್ನೂ ಉಜ್ಜಿ ತೆಗೆದು ಉಳಿದದ್ದಕ್ಕೆ 'ಶುದ್ಧ' ಅಂತ ಹೆಸರು. ಗಿರಣಿಯವರನ್ನು ಸುಮ್ನೆ ಬೈಯುವಂತಿಲ್ಲ ಬಿಡಿ. ಮೊಳಕೆಯಲ್ಲೂ ಸಿಪ್ಪೆಯಲ್ಲೂ ಎಣ್ಣೆಯಂಶ ಇದೆ, ಹಿಟ್ಟು ಬೇಗ ಕಮಟುತ್ತದೆ. ನಮಗೆ ತಿಂಗಳುಗಟ್ಟಲೆ ಕೆಡದ ಹಿಟ್ಟು ಬೇಕಿತ್ತು. ಹುಳುವಿಗೂ ಬೇಡವಾಗುವಷ್ಟು ಬಡವಾದರೆ ಹಿಟ್ಟು ಚೆನ್ನಾಗಿ ಬಾಳುತ್ತದೆ.

ಈ 'ಆರೋಗ್ಯ ಭಂಡಾರ'ವನ್ನು ಪ್ರಕೃತಿ ನಮಗಾಗಿ ತುಂಬಿಟ್ಟಿದೆ ಅನ್ನುವ ಮಾತು ಓದಿದಾಗಲೆಲ್ಲ ನನಗೆ ಗಿಡದ ಮುಖ ನೆನಪಾಗುತ್ತದೆ. ಅದಕ್ಕೆ ನಮ್ಮ ಕೊಲೆಸ್ಟ್ರಾಲ್ ಕಟ್ಟಿಕೊಂಡು ಏನಾಗಬೇಕು? ಅದರ ತಲೆಬಿಸಿಯೇ ಬೇರೆ. ಕಾಲಿಲ್ಲ, ಓಡಿಹೋಗುವಂತಿಲ್ಲ. ಶಿಲೀಂಧ್ರ ಬಂದರೂ ಹುಳು ಬಂದರೂ ನಿಂತಲ್ಲೇ ಎದುರಿಸಬೇಕು. ಹಾಗಾಗಿ ಒಳಗೇ ಒಂದು ಕಾರ್ಖಾನೆ. ಫೀನೈಲ್ಅಲನೀನ್ ಎಂಬ ಅಮೈನೋ ಆಮ್ಲದಿಂದ ಒಂದು ಕಿಣ್ವ ಅಮೋನಿಯಾವನ್ನು ಕಿತ್ತು ಹಾಕುತ್ತದೆ, ಸಿನ್ನಮಿಕ್ ಆಮ್ಲ ಆಗುತ್ತದೆ. ಇನ್ನೂ ಕೆಲವು ಹೆಜ್ಜೆ ದಾಟಿದರೆ ಫೆರುಲಿಕ್ ಆಮ್ಲ, ಡಬ್ಬಗಳು ಕೂಗುವ ಫೀನಾಲಿಕ್ ಆಮ್ಲಗಳಲ್ಲಿ ಒಂದು. ಜೀವಕೋಶದ ಗೋಡೆಯಲ್ಲಿರುವ ಸಕ್ಕರೆಯ ಸರಪಳಿಗಳನ್ನು ಒಂದಕ್ಕೊಂದು ಹೊಲಿದು ಬಿಗಿ ಮಾಡುವುದು ಇದರ ಕೆಲಸ. ಶಿಲೀಂಧ್ರದ ಕಿಣ್ವ ಬಂದು ಗೋಡೆ ಕೊರೆಯಲು ಹೋದರೆ ಹಲ್ಲು ನೋಯಬೇಕು. ಅಂದರೆ ನಾವು ಅಮೃತ ಅಂತ ಕರೆಯುತ್ತಿರುವುದು ಕೋಟೆಯ ಗಾರೆ.

ಓಟ್ಸ್ ಗಿಡದ್ದು ಇನ್ನೂ ಖಾರದ ಕತೆ. ತುಕ್ಕು ರೋಗದ ಶಿಲೀಂಧ್ರ ಎಲೆಗೆ ಕಾಲಿಟ್ಟರೆ ಸಾಕು, ಅವೆನಾಂಥ್ರಮೈಡ್ ಎಂಬ ವಸ್ತುವನ್ನು ಜಾಸ್ತಿ ತಯಾರಿಸುತ್ತದೆ. ಶತ್ರುವಿಗೆ ಅಂತ ಅರೆದ ಮದ್ದು. ಅದು ನಮ್ಮ ಚರ್ಮದ ತುರಿಕೆ, ಉರಿ ಕಡಿಮೆ ಮಾಡುತ್ತದೆ ಅಂತ ಗೊತ್ತಾಗಿ ಮುಲಾಮಿನ ಟ್ಯೂಬ್ ಮೇಲೆ 'ಪ್ರಕೃತಿ ಮಾತೆಯ ಮೃದು ಸ್ಪರ್ಶ' ಅಂತ ಬರೆದೆವು. ತುಕ್ಕು ಶಿಲೀಂಧ್ರವನ್ನು ಕೇಳಿ ನೋಡಿ, ಸ್ಪರ್ಶ ಎಷ್ಟು ಮೃದು ಅಂತ.

ಅಂದಹಾಗೆ ಆ ಫೀನೈಲ್ಅಲನೀನ್ ಮಾಡಲು ಗಿಡ ಹಿಡಿಯುವ ದಾರಿಗೆ ಶಿಕಿಮೇಟ್ ಮಾರ್ಗ ಅಂತ ಹೆಸರು. ನಮಗೆ ಆ ದಾರಿಯೇ ಇಲ್ಲ, ತಿಂದೇ ಪಡೆಯಬೇಕು. ಗ್ಲೈಫೋಸೇಟ್ ಎಂಬ ಕಳೆನಾಶಕ ಬಂದು ಮುಚ್ಚುವುದು ಇದೇ ದಾರಿಯನ್ನು. ಅಂಗಡಿಯಲ್ಲಿ ಆ ದಾರಿಯ ಸರಕಿಗೆ ಆರತಿ, ಹೊಲದಲ್ಲಿ ಆ ದಾರಿಗೇ ಬೇಲಿ!

ಇನ್ನು ಆ ಬಿಗಿ ಹೊಲಿಗೆಯ ಫೆರುಲಿಕ್ ಆಮ್ಲ ನುಂಗಿದ ಕೂಡಲೇ ನಮ್ಮದಾಗುವುದಿಲ್ಲ. ಬಹುಪಾಲು ಸಣ್ಣ ಕರುಳಿಗೆ ಜಗ್ಗುವುದಿಲ್ಲ. ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ನಿಧಾನವಾಗಿ ಹೊಲಿಗೆ ಬಿಚ್ಚಿಕೊಡಬೇಕು. ನಿಜವಾಗಿ ತೌಡು ಕುಟ್ಟುವವರು ಇವರು. ಜಾಹೀರಾತಿನಲ್ಲಿ ಇವರ ಫೋಟೋ ಮಾತ್ರ ಎಲ್ಲೂ ಬರುವುದಿಲ್ಲ.

ಜಾಹೀರಾತಿನಲ್ಲಿ ಬರುವುದು ಕೆಂಪು ಹೃದಯದ ಚಿತ್ರ. ಓಟ್ಸ್‌ನ ಬೀಟಾ-ಗ್ಲೂಕಾನ್ ಎಂಬ ನಾರು ಕೊಲೆಸ್ಟ್ರಾಲ್ ಇಳಿಸುತ್ತದೆ ಎಂಬುದು ಸುಳ್ಳಲ್ಲ. ಅದು ಹೊಟ್ಟೆಯಲ್ಲಿ ಅಂಟಾಗಿ ಪಿತ್ತರಸವನ್ನು ಹಿಡಿದು ಹೊರಗೆ ಕರೆದೊಯ್ಯುತ್ತದೆ, ಹೊಸ ಪಿತ್ತ ಮಾಡಲು ಯಕೃತ್ತು ರಕ್ತದ ಕೊಲೆಸ್ಟ್ರಾಲ್ ಬಳಸುತ್ತದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಈ ಮಾತನ್ನು ಪೊಟ್ಟಣದ ಮೇಲೆ ಬರೆಯಲು ಒಪ್ಪಿಗೆ ಕೊಟ್ಟಿತು. ಅದರ ಲೆಕ್ಕ ದಿನಕ್ಕೆ 3 ಗ್ರಾಂ. ಓಟ್ಸ್‌ನಲ್ಲಿ ಅದು ಸುಮಾರು ಶೇಕಡ 4, ಅಂದರೆ 75 ಗ್ರಾಂ ಓಟ್ಸ್ ತಿನ್ನಬೇಕು. ಮೈದಾ ಬಿಸ್ಕತ್ತಿನ ನೆತ್ತಿಗೆ ಅಂಟಿಸಿದ ಮೂರು ಓಟ್ಸ್ ಚೂರಿನಿಂದ ಅಷ್ಟು ಬರಬೇಕಾದರೆ ಹೃದಯಕ್ಕಿಂತ ಮೊದಲು ಸೊಂಟದ ಸುತ್ತಳತೆಯ ಚಿತ್ರ ಹಾಕಬೇಕು.

ಆ್ಯಂಟಿಆಕ್ಸಿಡೆಂಟ್ ಅಂಕಗಳ ಜಾತ್ರೆ ನೆನಪಿದೆಯಾ? ಆಕ್ಸಿಜನ್‌ನಿಂದಾಗುವ ಹಾನಿಯನ್ನು ಆಹಾರ ಎಷ್ಟು ತಡೆಯುತ್ತದೆ ಅಂತ ಗಾಜಿನ ನಳಿಗೆಯಲ್ಲಿ ಅಳೆದ ಅಂಕವನ್ನು ಪರೀಕ್ಷೆಯ ಮಾರ್ಕ್ಸ್ ಥರ ಡಬ್ಬದ ಮೇಲೆ ಹಾಕುತ್ತಿದ್ದರು. ಕಂಪನಿಗಳು ಇದನ್ನು ದುರುಪಯೋಗ ಮಾಡಿಕೊಳ್ಳುತ್ತಿವೆ ಅಂತ ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಅಂಕಪಟ್ಟಿಯನ್ನೇ ವಾಪಸ್ ತೆಗೆದುಕೊಂಡಿತು. ಶಾಲೆ ಮುಚ್ಚಿದೆ. ರ‍್ಯಾಂಕ್ ಬಂದವರ ಮೆರವಣಿಗೆ ಮಾತ್ರ ಇನ್ನೂ ನಿಂತಿಲ್ಲ.

ತೌಡಿನ ಬೆಲೆ ನಮಗೆ ಮೊದಲು ಹೇಳಿಕೊಟ್ಟದ್ದು ಕೋಳಿಗಳು. 1890ರ ಸುಮಾರಿಗೆ ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ, ಮನುಷ್ಯರ ನರ ಕೆಡಿಸಿ ಕೈಕಾಲು ಸೋಲಿಸುವ ಬೆರಿಬೆರಿ ರೋಗದ ಹಿಂದೆ ಬಿದ್ದಿದ್ದ. ಅವನ ಕೋಳಿಗಳಿಗೂ ಕಾಲು ಬಿದ್ದುಹೋಗುವ ಅಂಥದೇ ರೋಗ ಬಂತು. ಆಮೇಲೆ ಇದ್ದಕ್ಕಿದ್ದಂತೆ ವಾಸಿಯೂ ಆಯಿತು. ವಿಚಾರಿಸಿದರೆ, ಅವಕ್ಕೆ ಅಷ್ಟು ದಿನ ಹಾಕುತ್ತಿದ್ದದ್ದು ಮಿಲಿಟರಿ ಆಸ್ಪತ್ರೆಯ ಪಾಲಿಶ್ ಅಕ್ಕಿಯ ಅನ್ನ. ಹೊಸದಾಗಿ ಬಂದ ಅಡುಗೆಯವನು, ಮಿಲಿಟರಿ ಅನ್ನವನ್ನು ಸಿವಿಲಿಯನ್ ಕೋಳಿಗಳಿಗೆ ಕೊಡುವುದಿಲ್ಲ ಅಂತ ಹಠ ಹಿಡಿದ. ಕೋಳಿಗಳಿಗೆ ತೌಡು ತೆಗೆಯದ ಅಗ್ಗದ ಅಕ್ಕಿಯೇ ಗತಿಯಾಯಿತು, ಬದುಕಿಕೊಂಡವು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಲೋಕಕ್ಕೆ ಇಷ್ಟು ಉಪಕಾರ ಮಾಡಿದ ಇನ್ನೊಂದು ಜಿಪುಣತನ ನನಗಂತೂ ಗೊತ್ತಿಲ್ಲ. ಆ ಅಡುಗೆಯವನಿಗೂ ಒಂದು ಶಾಲು ಹೊದಿಸಬಹುದಿತ್ತು.

ಇಷ್ಟು ಗೊತ್ತಾದ ಮೇಲೆ ಪಾಲಿಶ್ ನಿಂತಿತೇ? ಎಲ್ಲಿಯ ಮಾತು. 1940ರ ದಶಕದಲ್ಲಿ ಅಮೆರಿಕದಲ್ಲಿ ಬಿಳಿ ಹಿಟ್ಟಿಗೆ ಮೂರು ವಿಟಮಿನ್, ಒಂದಿಷ್ಟು ಕಬ್ಬಿಣ ಬೆರೆಸಿ 'ಸಮೃದ್ಧ ಹಿಟ್ಟು' ಅಂತ ಕರೆಯತೊಡಗಿದರು. ತಲೆ ಪೂರ್ತಿ ಬೋಳಿಸಿ, ನಾಲ್ಕು ಕೂದಲು ಅಂಟಿಸಿ, 'ಎಂಥ ಜಡೆ!' ಅಂದಂತೆ.

ಈಗ ದೊಡ್ಡ ಗಿರಣಿಗಳಲ್ಲಿ ಇನ್ನೊಂದು ಸೊಗಸು. ಪಿಷ್ಟ, ಸಿಪ್ಪೆ, ಮೊಳಕೆ ಮೂರನ್ನೂ ಬೇರೆ ಬೇರೆ ಮಾಡಿ, ಆಮೇಲೆ ಅದೇ ಪ್ರಮಾಣದಲ್ಲಿ ಮತ್ತೆ ಬೆರೆಸಿ 'ಇಡೀ ಧಾನ್ಯದ ಹಿಟ್ಟು' ಅಂತ ಚೀಟಿ ಅಂಟಿಸುವುದೂ ಉಂಟು. ನಾನು ಇವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೇನೆ. 83 ಪಾಲು ಪಿಷ್ಟ ಮಧ್ಯಕ್ಕೆ, ಒಂದು ತುದಿಗೆ 2.5 ಪಾಲು ಮೊಳಕೆ, ಸುತ್ತ 14.5 ಪಾಲು ಸಿಪ್ಪೆ. ಎಲ್ಲ ಸೇರಿಸಿ ಚಿಕ್ಕದಾಗಿ, ಉದ್ದುದ್ದ ಒತ್ತುವುದು. ಹೊಟ್ಟೆಯ ಮೇಲೆ ಒಂದು ಗೀರು, ಅಂದಕ್ಕೆ. ಪೇಟೆಂಟ್ ಅರ್ಜಿ ತುಂಬುತ್ತಾ ಕೂತಿದ್ದೇನೆ. 'ಇಂಥ ವಸ್ತು ಈ ಮೊದಲು ಎಲ್ಲಾದರೂ ಇತ್ತೇ?' ಎಂಬ ಕಾಲಂ ಒಂದು ಬಾಕಿ ಇದೆ.