ಬಾಸ್‌ಗೆ ಏಕವಚನ

ನಮ್ಮ ಕಡೆ ಏಕವಚನದಲ್ಲಿ ಮಾತಾಡಿಸಿದ ಅಂತಲೇ ಎಷ್ಟು ಜಗಳ ಆಗಿಲ್ಲ? ಸುಮ್ನೆ ಬಹುವಚನ ಹಚ್ಚಿಬಿಟ್ಟರೆ ಯಾರ ತಂಟೆಯೂ ಇಲ್ಲ. ಈ ಉಪಾಯ ಟೋಕಿಯೋ ಆಫೀಸಿನಲ್ಲಿ ನಡೆಯುವುದಿಲ್ಲ.

ಜಪಾನಿನ ಮರ್ಯಾದೆ ಮಾತಿಗೆ 'ಕೇಯ್ಗೊ' ಅಂತಾರೆ. ಎದುರಿನವರನ್ನು ಏರಿಸಲು ಒಂದು ಮಾತು, ನಮ್ಮನ್ನು ಇಳಿಸಿಕೊಳ್ಳಲು ಇನ್ನೊಂದು. ಗಿರಾಕಿ ತಿಂದರೆ 'ಮೆಶಿಆಗಾರು', ನಾನು ತಿಂದರೆ 'ಇತಾದಾಕು'. ತಿನ್ನುವ ಅನ್ನ ಮಾತ್ರ ಒಂದೇ. ಮೊದಲು ಇದರಲ್ಲಿ ಮೂರು ಬಗೆ ಅನ್ನುತ್ತಿದ್ದರು. 2007ರಲ್ಲಿ ಸರ್ಕಾರದ ಸಂಸ್ಕೃತಿ ಮಂಡಳಿ ಕೂತು ಐದು ಮಾಡಿತು. ಜನರಿಗೆ ಅನುಕೂಲವಾಗಲಿ ಅಂತ ಇರಬೇಕು!

ವಸ್ತುಗಳಿಗೂ ಮರ್ಯಾದೆ ಉಂಟು, ಹೆಸರಿನ ಮುಂದೆ ಒಂದು 'ಒ' ಹಚ್ಚಿದರಾಯಿತು. ಚಹಾ 'ಒಚಾ', ದುಡ್ಡು 'ಒಕಾನೆ'. ಸರಿ, ದುಡ್ಡಿಗೆ ಎಲ್ಲ ಕಡೆಯೂ ಮರ್ಯಾದೆ ಇದ್ದದ್ದೇ. ಟಾಯ್ಲೆಟ್ಟಿಗೂ 'ಒ' ಸೇರಿಸಿ 'ಒತೊಯಿರೆ' ಅಂದಾಗ ಮಾತ್ರ ಸ್ವಲ್ಪ ಜಾಸ್ತಿ ಆಯ್ತು ಅನಿಸುತ್ತದೆ.

ಇವೆಲ್ಲ ಫೋನ್ ರಿಂಗಾಗುವ ತನಕದ ಕಥೆ. ನಮ್ಮ ಬಾಸ್ ಹೆಸರು ತನಾಕಾ ಅಂತಿಟ್ಟುಕೊಳ್ಳಿ. ಹೊರಗಿನ ಕಂಪನಿಯವರ ಜೊತೆ ಮಾತಾಡುವಾಗ ಬಾಸ್ ಕೂಡ ನಮ್ಮ ಮನೆಯವರ ಲೆಕ್ಕ. ಮನೆಯವರನ್ನು ಹೊರಗಿನವರ ಮುಂದೆ ಏರಿಸಬಾರದು. ದಿನವಿಡೀ 'ತನಾಕಾ-ಸಾನ್' ಎಂದು ಬಗ್ಗುವ ನಾವು ಫೋನಿನಲ್ಲಿ ಬರೀ 'ತನಾಕಾ' ಅನ್ನಬೇಕು. ಅದೂ ಬಾಸ್ ಕಿವಿಗೆ ಬೀಳುವಂತೆ. ನಮ್ಮೂರಿನ ಆಫೀಸಿನಲ್ಲಿ 'ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ' ಅನ್ನುವ ಬದಲು 'ಬಸವರಾಜ ಸೀಟಲ್ಲಿಲ್ಲ' ಅಂದು ನೋಡಿ. ಸಂಜೆಯೊಳಗೆ ವರ್ಗದ ಆರ್ಡರ್ ಕೈಗೆ ಬರುತ್ತದೆ.

ಇದು ವಿದೇಶಿಯರ ಪಾಡು ಮಾತ್ರ ಅಲ್ಲ. ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರುವ ಅಪ್ಪಟ ಜಪಾನಿ ಹುಡುಗರಿಗೂ ಫೋನ್ ಎತ್ತುವ ಪಾಠ ಇರುತ್ತದೆ. ನನ್ನ ಪಕ್ಕದಲ್ಲಿ ಅಂಥವನೊಬ್ಬ ಬಂದು ಕೂತ. ಉತ್ತರ ಬರೆದ ಚೀಟಿಯನ್ನು ಫೋನಿಗೇ ಅಂಟಿಸಿಕೊಂಡಿದ್ದ. ಆದರೂ ಗಿರಾಕಿಯೊಬ್ಬರ ಕರೆಗೆ ಗಾಬರಿಯಲ್ಲಿ, 'ತನಾಕಾ-ಸಾನ್ ಅವರು ದಯಮಾಡಿಸಿಲ್ಲ' ಅನ್ನುವ ಧಾಟಿಯಲ್ಲಿ ಹೇಳಿಬಿಟ್ಟ. ಹಿಂದೆ ಕೂತಿದ್ದ ಹಿರಿಯರೊಬ್ಬರು ಹಲ್ಲು ಕಚ್ಚಿದರು. ಬಾಸ್‌ಗೆ ಮರ್ಯಾದೆ ಕೊಟ್ಟು ಬೈಸಿಕೊಂಡವನನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಮತ್ತೆ ಫೋನ್. ಹುಡುಗ ಪಾಠ ಕಲಿತಿದ್ದ. ಎದೆಯುಬ್ಬಿಸಿ, 'ತನಾಕಾ ಸೀಟಲ್ಲಿಲ್ಲ' ಅಂದ. ಆ ಕಡೆ ಇದ್ದದ್ದು ತನಾಕಾ ಅವರ ಹೆಂಡತಿ. ಗಂಡ ಮೊಬೈಲ್ ಎತ್ತಿರಲಿಲ್ಲವಂತೆ. ಬಾಸ್ ಮನೆಯಿಂದಲೇ ಫೋನ್ ಬಂದರೆ ಬಾಸ್ ಆ ಮನೆಯವರ ಲೆಕ್ಕ, ನಮ್ಮವರಲ್ಲ. ಹೊರಗಿನವರ ಎದುರು ಕಳಚಿಟ್ಟ 'ಸಾನ್' ಅನ್ನು ಇಲ್ಲಿ ವಾಪಸ್ ತೊಡಿಸಬೇಕು! 'ಹೌದಾ, ನಾನೂ ತನಾಕಾನೇ' ಅಂದರಂತೆ ಆಕೆ ತಣ್ಣಗೆ.

ಬಾಸ್ ಬರುವ ಹೊತ್ತಿಗೆ ಮೇಜಿನ ಮೇಲೆ ಒಂದು ಉದ್ದದ ಚೀಟಿ ಇತ್ತು. ಗೊತ್ತಿರುವ ಅಷ್ಟೂ ಕೇಯ್ಗೊ ಅದರಲ್ಲಿ ಸುರಿದಿದ್ದ. ವಿಷಯ ಇಷ್ಟೇ: ಬರುವಾಗ ಹಾಲು ತರಬೇಕು. ಯಾವುದಕ್ಕೂ ಇರಲಿ ಅಂತ ಹಾಲಿಗೂ ಒಂದು 'ಒ' ಸೇರಿಸಿದ್ದ.